ಅಜ್ಜನ ಬೈರಿಗೆಯನ್ನು ಗುಜರಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ಹಳೇ ಪೇಟೆ ಕಡೆಯ ಮನೆಗಳ ಅಟ್ಟದಲ್ಲಿದ್ದ ಹಳೆಯ ಹತ್ಯಾರಗಳೆಲ್ಲ ಈಗ ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಮನೆ ಕೆಡವಿ ಕಟ್ಟುವಾಗ ಒಂದಿಷ್ಟು, ಹಬ್ಬಕ್ಕೆ ಸುಣ್ಣ ಬಣ್ಣ ಮಾಡಿಸುವಾಗ ಒಂದಿಷ್ಟು. ಕಬ್ಬಿಣದ್ದು ಗುಜರಿಯವನಿಗೆ, ಮರದ್ದು ಹಂಡೆ ಒಲೆಗೆ. ದಯವಿಟ್ಟು ಹಾಗೆ ಮಾಡಬೇಡಿ ಅಂತ ಕೇಳಿಕೊಳ್ಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಯಾಕಂದ್ರೆ ಆ ಸಾಮಾನು ಬೇಕಾದಾಗ ದುಡ್ಡು ಕೊಡುತ್ತೇನೆ ಅಂದರೂ ಅಂಗಡಿಯಲ್ಲಿ ಸಿಗುವುದಿಲ್ಲ. ಈಚೆಗೆ ನಮ್ಮ ಮನೆ ಬಾಗಿಲು ರಿಪೇರಿಗೆ ಬಂದಾಗ ಇದು ನನಗೆ ಚೆನ್ನಾಗಿ ಗೊತ್ತಾಯಿತು.

ನಮ್ಮದು ತಾತನ ಕಾಲದ ಮನೆ. ಮುಂಬಾಗಿಲು ತೇಗದ್ದು, ಎರಡು ಕದ. ಅಂಥ ಬಾಗಿಲಲ್ಲಿ ಸ್ಕ್ರೂ, ಫೆವಿಕಾಲ್ ಏನೂ ಇಲ್ಲ. ಅಡ್ಡಪಟ್ಟಿಯ ತುದಿಯಲ್ಲಿ ನಾಲಿಗೆ ಬಿಟ್ಟು ಕೆತ್ತಿ, ಅದನ್ನು ಉದ್ದಪಟ್ಟಿಯ ಗೂಡಿನೊಳಗೆ ಕೂರಿಸಿ, ಎರಡಕ್ಕೂ ಸೇರುವ ಹಾಗೆ ತೂತು ಕೊರೆದು ಬಿದಿರಿನ ಬೆಣೆ ಹೊಡೆದಿರುತ್ತಾರೆ. ಇಡೀ ಕದ ನಿಂತಿರುವುದು ಆ ಬೆರಳು ದಪ್ಪದ ಬೆಣೆಗಳ ಮೇಲೆ. ಮಳೆಗಾಲಕ್ಕೆ ಮರ ಹಿಗ್ಗಿ, ನಮ್ಮೂರ ಬೇಸಿಗೆಗೆ ಕುಗ್ಗಿ, ಎಷ್ಟೋ ವರ್ಷ ಆದ ಮೇಲೆ ಬೆಣೆ ಸವೆದು ಒಳಗೇ ಮುರಿಯುತ್ತದೆ. ಆಗ ಕದ ಜೋತು ಬಿದ್ದು ಹೊಸ್ತಿಲಿಗೆ ಉಜ್ಜುತ್ತದೆ. ನಮ್ಮಲ್ಲಿ ಆದದ್ದೂ ಅದೇ. ಮರಕ್ಕೆ ಮಾತ್ರ ಏನೂ ಆಗಿರಲಿಲ್ಲ, ಎಲ್ಲೂ ಗೆದ್ದಲಿನ ಗುರುತು ಸಹ ಇಲ್ಲ.

ಮೊದಲು ಬಂದ ಬಡಗಿ "ಇದನ್ನ ತೆಗೆಸಿ ಬಿಡಿ ಸಾರ್, ರೆಡಿಮೇಡ್ ಡೋರ್ ಕೂರಿಸಿಕೊಡ್ತೀನಿ" ಅಂದರು. ಆಮೇಲೆ ಬಂದ ಹುಡುಗ ಕೆಲಸ ಬಲ್ಲವನು. ಒಳಗೆ ಮುರಿದ ಬೆಣೆಯನ್ನು ಕೊರೆದು ತೆಗೆಯಬೇಕಿತ್ತು. ಡ್ರಿಲ್ಲಿಂಗ್ ಮಷಿನ್ ತಂದಿದ್ದರೂ ಅದನ್ನು ಬಾಗಿಲಿಗೆ ಇಡಲಿಲ್ಲ. ಬಿದಿರು ಗಟ್ಟಿ, ಅಕ್ಕಪಕ್ಕದ ತೇಗ ಅದಕ್ಕಿಂತ ಮೆತ್ತಗೆ. ಜೋರಾಗಿ ತಿರುಗುವ ಡ್ರಿಲ್ ಬಿಟ್ ಬಿದಿರಿನ ಮೇಲೆ ನಿಲ್ಲದೆ ಜಾರಿ ಪಕ್ಕದ ಮರಕ್ಕೆ ಇಳಿಯುತ್ತದೆ, ತೂತು ಅಗಲವಾಗುತ್ತದೆ, ಆಚೆ ಬದಿಯಲ್ಲಿ ಹೊರಬರುವಾಗ ಸಿಬಿರು ಎಬ್ಬಿಸುತ್ತದೆ. "ಇದಕ್ಕೆ ಬೈರಿಗೆನೇ ಬೇಕು ಸಾರ್. ನಮ್ಮಪ್ಪಂದು ಒಂದಿತ್ತು, ಗುಜರಿಗೆ ಹೋಯ್ತು" ಅಂದ. ಬೈರಿಗೆ ಅಂದರೆ ಕೈಯಿಂದಲೇ ಮರಕ್ಕೆ ತೂತು ಕೊರೆಯುವ ಹತ್ಯಾರ. ಅವನನ್ನು ನಾನು ದೂರುವುದಿಲ್ಲ. ಪ್ಲೈವುಡ್ ಕೆಲಸದಲ್ಲೇ ದಿನ ಕಳೆಯುವವನು, ಬಾಡಿಗೆ ಮನೆಯಲ್ಲಿ ಇರುವವನು, ಅಪ್ಪನ ಹತ್ಯಾರಗಳನ್ನೆಲ್ಲ ಎಲ್ಲಿ ಇಟ್ಟುಕೊಳ್ಳಬೇಕು?

ಕೊನೆಗೆ ಬೈರಿಗೆ ಸಿಕ್ಕಿದ್ದು ನಮ್ಮ ಹಿಂದಿನ ಬೀದಿಯ ಆಚಾರ್ ಅಜ್ಜನ ಹತ್ತಿರ. ಅವರು ಕೆಲಸ ಬಿಟ್ಟು ಬಹಳ ಕಾಲವಾಗಿದೆ, ಆದರೆ ಹತ್ಯಾರದ ಪೆಟ್ಟಿಗೆ ಹಾಗೇ ಇದೆ. ಪ್ರತಿ ಆಯುಧಪೂಜೆಗೆ ಎಲ್ಲವನ್ನೂ ಒರೆಸಿ, ಎಣ್ಣೆ ಹಚ್ಚಿ, ಕುಂಕುಮ ಇಟ್ಟು ಪೂಜೆ ಮಾಡುತ್ತಾರೆ. ನಾನು ಕೇಳಲು ಹೋದದ್ದು ಶುಕ್ರವಾರ. "ಇವತ್ತು ಹತ್ಯಾರ ಹೊರಗೆ ಕೊಡಲ್ಲಪ್ಪ, ನಾಳೆ ಬಾ" ಅಂದರು. ಮಾರನೇ ದಿನ ಕೊಡುವಾಗಲೂ ನೆಲದ ಮೇಲೆ ಇಡಬ್ಯಾಡ, ಬಿಸಿಲಿಗೆ ಬಿಡಬ್ಯಾಡ, ಯಾರೂ ದಾಟಬಾರದು, ಇನ್ನೊಬ್ಬರ ಕೈಗೆ ಕೊಡಬ್ಯಾಡ ಅಂತ ಹೇಳಿಯೇ ಕೊಟ್ಟರು. ಇಷ್ಟು ವರ್ಷ ಅದು ಉಳಿದದ್ದು ಈ ಕಟ್ಟುನಿಟ್ಟಿನಿಂದಲೇ ಅಂತ ನನಗೆ ಅನ್ನಿಸುತ್ತದೆ.

ಬೈರಿಗೆ ನೋಡದವರಿಗೆ ಸ್ವಲ್ಪ ಹೇಳಬೇಕು. ಕಡೆದ ಮರದ ದಿಂಡು, ಅದರ ಕೆಳತುದಿಗೆ ಚಪ್ಪಟೆ ಉಕ್ಕಿನ ಅಲಗು, ಮೇಲೆ ಅಂಗೈಯಲ್ಲಿ ಹಿಡಿಯುವ ಗುಬಟು. ಗುಬಟು ತಿರುಗುವುದಿಲ್ಲ, ಅದರ ಕೆಳಗಿನ ದಿಂಡು ಮಾತ್ರ ತಿರುಗುತ್ತದೆ. ದಿಂಡಿಗೆ ಒಂದು ಸುತ್ತು ಹುರಿ ಹಾಕಿ, ಆ ಹುರಿಯನ್ನು ಬಿಲ್ಲಿಗೆ ಕಟ್ಟಿರುತ್ತಾರೆ. ಬಿಲ್ಲನ್ನು ಹಿಂದಕ್ಕೆ ಮುಂದಕ್ಕೆ ಆಡಿಸಿದರೆ ದಿಂಡು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತದೆ. ಅದಕ್ಕೇ ಅಲಗನ್ನು ಎರಡೂ ಕಡೆಗೆ ಕೊರೆಯುವ ಹಾಗೆ ಮಸೆದಿರುತ್ತಾರೆ. ಕದವನ್ನು ಬಿಚ್ಚಿ ಎರಡು ಬೆಂಚಿನ ಮೇಲೆ ಮಲಗಿಸಿ, ಆ ಹುಡುಗ ಅಜ್ಜನನ್ನು ಪಕ್ಕದಲ್ಲೇ ಕೂರಿಸಿಕೊಂಡು ನಿಧಾನವಾಗಿ ಕೊರೆದ. ಒಳಗಿನಿಂದ ಬರುವ ಪುಡಿಯ ಬಣ್ಣ ನೋಡ್ತಾ ಇರು ಅಂತ ಅಜ್ಜ ಹೇಳುತ್ತಿದ್ದರು. ತಿಳಿ ಹಳದಿ ಬಂದರೆ ಅದು ಬಿದಿರು, ದಾರಿ ಸರಿ ಇದೆ. ಕಂದು ಬಂತು ಅಂದರೆ ತೇಗಕ್ಕೆ ತಾಗಿದೆ, ಕೈ ನಿಲ್ಲಿಸಿ ಸರಿಪಡಿಸಿಕೊಳ್ಳಬೇಕು. ಇನ್ನೊಂದು ವಿಷಯವನ್ನೂ ಅವರೇ ತೋರಿಸಿದರು. ಹಿಂದಿನವರು ನಾಲಿಗೆಯ ತೂತನ್ನು ಪಟ್ಟಿಯ ತೂತಿಗೆ ಸಮ ಕೊರೆಯದೆ ಬೇಕಂತಲೇ ಒಂದು ಕೂದಲೆಳೆ ಆಚೆಗೆ ಕೊರೆಯುತ್ತಿದ್ದರಂತೆ. ಬೆಣೆ ಹೊಡೆದಾಗ ಅದು ನಾಲಿಗೆಯನ್ನು ಗೂಡಿನೊಳಕ್ಕೆ ಎಳೆದು ಬಿಗಿ ಮಾಡುತ್ತದೆ. ಅಂದರೆ ಬೆಣೆ ಮಧ್ಯದಲ್ಲಿ ಸ್ವಲ್ಪ ಬಾಗಿರುತ್ತದೆ. ಮಷಿನ್ ಹಾಕಿದ್ದರೆ ನೇರವಾಗಿ ನುಗ್ಗಿ ನಾಲಿಗೆಯನ್ನೇ ತಿಂದುಬಿಡುತ್ತಿತ್ತು, ಅಲ್ವಾ? ಎರಡೂ ಬದಿಯಿಂದ ಅರ್ಧರ್ಧ ಕೊರೆದು ಹಳೆಯ ಚೂರುಗಳನ್ನು ತೆಗೆದು, ಹೊಸ ಬಿದಿರಿನ ಬೆಣೆ ಸ್ವಲ್ಪ ದಪ್ಪ ಮಾಡಿ ಕೊಡತಿಯಿಂದ ಹೊಡೆದ ಮೇಲೆ ಕದ ನೆಟ್ಟಗೆ ಕೂತಿತು. ಈಗ ಒಂದೇ ಕೈಯಲ್ಲಿ ತಳ್ಳಿದರೆ ಸಾಕು.

ಆ ಒಂದು ಬೈರಿಗೆ ಇಲ್ಲದಿದ್ದರೆ ಒಳ್ಳೆಯ ತೇಗದ ಬಾಗಿಲು ಗುಜರಿ ಸೇರುತ್ತಿತ್ತು. ಚೌಕಿಪೇಟೆ, ಕಾಯಿಪೇಟೆ, ಹಗೇದಿಬ್ಬದ ಸುತ್ತಮುತ್ತ ಇಂಥ ಬಾಗಿಲು, ಕಿಟಕಿ, ಕಂಬ ಇನ್ನೂ ಎಷ್ಟೋ ಇವೆ. ರಿಪೇರಿಗೆ ಬಂದರೆ ಆ ಮನೆಯವರೆಲ್ಲ ಎಲ್ಲಿಗೆ ಹೋಗಬೇಕು? ಡ್ರಿಲ್ಲಿಂಗ್ ಮಷಿನ್ ಬಾಡಿಗೆಗೆ ಸಿಗುತ್ತದೆ, ಸೆಂಟ್ರಿಂಗ್ ಶೀಟು ಸಿಗುತ್ತದೆ. ಬೈರಿಗೆ, ಮರ ಕೆತ್ತುವ ಬಾಚಿ, ಮರ ನಯ ಮಾಡುವ ಕೀಸುಳಿ ಬಾಡಿಗೆಗೆ ಕೊಡುವ ಅಂಗಡಿ ನನಗೆ ಸಿಗಲಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ ಸೇರಿ 18 ಕಸುಬಿನವರಿಗೆ ಹತ್ಯಾರ ಕೊಳ್ಳಲು 15,000 ರೂಪಾಯಿವರೆಗೆ ಸಹಾಯ ಇದೆ. ಒಳ್ಳೆಯದೇ. ಆದರೆ ಅದು ಹೊಸ ಸಾಮಾನಿಗೆ. ಅಟ್ಟದ ಮೇಲಿನ ಹಳೆಯದನ್ನು ಉಳಿಸುವ ಕೆಲಸ ನಾವೇ ಮಾಡಬೇಕು.

ನನ್ನ ಕೋರಿಕೆ ಇಷ್ಟೇ. ನಗರದ ಗ್ರಂಥಾಲಯದಲ್ಲಿ ಹತ್ಯಾರಕ್ಕೆ ಒಂದು ಬೀರು ಕೊಡಲಿ, ನಾವು ತಂದುಕೊಟ್ಟ ಹಳೆಯ ಹತ್ಯಾರಗಳನ್ನು ಅಲ್ಲಿಟ್ಟು ಬೇಕಾದವರಿಗೆ ಎರವಲು ಕೊಡಲಿ. ಮನೆ ಕಂದಾಯದ ಜೊತೆ ನಾವೆಲ್ಲ ಗ್ರಂಥಾಲಯ ಕರ ಕಟ್ಟುತ್ತೇವೆ, ಪುಸ್ತಕ ಎರವಲು ಕೊಡುವ ವ್ಯವಸ್ಥೆ, ಸದಸ್ಯರ ಕಾರ್ಡು, ಠೇವಣಿ ಎಲ್ಲ ಅಲ್ಲಿ ಇದ್ದೇ ಇದೆ. ಇದು ಎಲ್ಲೂ ಇಲ್ಲದ ಮಾತಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರಿನ ಸಾರ್ವಜನಿಕ ಗ್ರಂಥಾಲಯ 1979ರಿಂದಲೂ ಊರಿನವರಿಗೆ ಪುಸ್ತಕದ ಜೊತೆ ಹತ್ಯಾರ ಎರವಲು ಕೊಡುತ್ತಿದೆ. ಅಷ್ಟು ದೂರ ಯಾಕೆ, ನಮ್ಮ ಕಡೆ ದೇವಸ್ಥಾನದ ಹಂಡೆ, ಕೊಳಗ, ದೊಡ್ಡ ಪಾತ್ರೆಗಳನ್ನು ಮದುವೆ ಮನೆಗೆ ಬರೆದುಕೊಂಡು ಕೊಡುವುದಿಲ್ಲವಾ? ತೊಳೆದು ವಾಪಸ್ ಕೊಡದಿದ್ದರೆ ಮುಂದಿನ ಸಲ ಸಿಗುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಗ್ರಂಥಾಲಯ ಒಪ್ಪದಿದ್ದರೆ ಯಾವುದಾದರೂ ದೇವಸ್ಥಾನದ ಸಮಿತಿ ಪಾತ್ರೆ ಕೋಣೆಯಲ್ಲೇ ಒಂದು ಮೂಲೆ ಕೊಟ್ಟರೂ ಆಯಿತು.

ಮುರಿದರೆ, ಕಳೆದರೆ ಯಾರು ಹೊಣೆ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸಾಮಾನಿಗೆ ತಕ್ಕ ಠೇವಣಿ ಇರಲಿ, ಕರೆಂಟಿನ ಮಷಿನ್‌ಗಳು ಬೇಡ, ಬರೀ ಕೈ ಹತ್ಯಾರ ಸಾಕು. ಅಲಗು ಮಸೆಯುವುದಕ್ಕೆ, ಹಿಡಿ ಕೂರಿಸುವುದಕ್ಕೆ ಐಟಿಐ ಹುಡುಗರು ತಿಂಗಳಿಗೊಮ್ಮೆ ಬಂದರೆ ಅವರಿಗೂ ಕೆಲಸ ಕಲಿತ ಹಾಗಾಗುತ್ತದೆ. ಆಚಾರ್ ಅಜ್ಜನಂಥವರನ್ನು ಗೌರವದಿಂದ ಕರೆಸಿ, ಹಿಡಿಯುವುದು ಹೇಗೆ ಅಂತ ತೋರಿಸಿಕೊಡಿ ಅಂದರೆ ಖಂಡಿತ ಬರುತ್ತಾರೆ. ಬೈರಿಗೆ ಇದ್ದು ಹಿಡಿಯುವವರೇ ಇಲ್ಲದಿದ್ದರೆ ಏನು ಪ್ರಯೋಜನ?

ಸಾಮಾನಿಗಂತೂ ಕೊರತೆ ಇಲ್ಲ. ಹತ್ತಿ ಮಿಲ್ಲುಗಳಲ್ಲಿ ಫಿಟ್ಟರ್ ಆಗಿದ್ದವರ ಮನೆಗಳು ಊರಿನಲ್ಲಿ ಎಷ್ಟೋ ಇವೆ. ಮಿಲ್ಲು ಮುಚ್ಚಿದ ಮೇಲೂ ಅವರ ಸ್ಪ್ಯಾನರ್, ಅರ, ಬೆಂಚ್ ವೈಸ್ ಮನೆಯಲ್ಲಿ ಇದ್ದೇ ಇರುತ್ತವೆ. ಗಾರೆ ಕೆಲಸದವರ ಕರಣೆ, ತೂಗುಗುಂಡು, ರಸಮಟ್ಟಗಳೂ ಹಾಗೇ. ಅವರ ಮಕ್ಕಳು ಗುಜರಿಯವನನ್ನು ಕೂಗುವ ಮೊದಲು ಈ ಪತ್ರ ಓದಲಿ ಅಂತ ನನ್ನ ಆಸೆ.

ಸಂಬಂಧಪಟ್ಟವರು ಜಾಗ ಕೊಟ್ಟರೆ ನಮ್ಮ ಮನೆಯ ಕೀಸುಳಿ, ಉಳಿಗಳು ಮತ್ತು ತಾತನ ರಸಮಟ್ಟವನ್ನು ಮೊದಲು ನಾನೇ ತಂದು ಕೊಡುತ್ತೇನೆ. ಭಾನುವಾರ ಬೆಳಗ್ಗೆ ಕೂತು ಕೊಟ್ಟದ್ದು ತಂದದ್ದು ಬರೆದುಕೊಳ್ಳುವ ಕೆಲಸಕ್ಕೂ ನಾನು ಸಿದ್ಧ.

– ನಿಮ್ಮ ಓದುಗ, ದಾವಣಗೆರೆ