ನಷ್ಟದ ಲೆಕ್ಕ ನೋಡದೆ ಆರಿಸಿಕೊಟ್ಟ 400 ಗಿಗಾಬಿಟ್ ಟ್ರಾನ್ಸಿವರ್‌ಗಳ ಕುರಿತು ದೂರು

ಇವರಿಂದ:
ಮುಖ್ಯ ಎಂಜಿನಿಯರ್,
ನೆಟ್‌ವರ್ಕ್ ವಿಭಾಗ, ಡೇಟಾ ಸೆಂಟರ್

ಇವರಿಗೆ:
ಮುಖ್ಯಸ್ಥರು,
ಗ್ರಾಹಕ ಸೇವೆ ಮತ್ತು ತಾಂತ್ರಿಕ ಸಲಹಾ ವಿಭಾಗ

ವಿಷಯ: ತಮ್ಮ ಸಲಹೆಯಂತೆ ಖರೀದಿಸಿದ 400 ಗಿಗಾಬಿಟ್ ಡಿಆರ್4 (ತಲಾ 100 ಗಿಗಾಬಿಟ್‌ನ ನಾಲ್ಕು ಲೇನ್‌ಗಳ, 500 ಮೀಟರ್‌ವರೆಗಿನ ಬಗೆ) ಟ್ರಾನ್ಸಿವರ್‌ಗಳು ನಮ್ಮ ಉದ್ದದ ಮಾರ್ಗಗಳಿಗೆ ಹೊಂದದಿರುವುದು, ಅವುಗಳ ಬದಲಾವಣೆ ಕೋರಿದ ಅರ್ಜಿಯನ್ನು ತಿರಸ್ಕರಿಸಿರುವುದು.

ಮಾನ್ಯರೇ,

ನಮ್ಮ ಡೇಟಾ ಸೆಂಟರ್‌ನ ಎರಡು ಸಭಾಂಗಣಗಳ ನಡುವಿನ ಸ್ವಿಚ್‌ಗಳನ್ನು 100 ಗಿಗಾಬಿಟ್‌ನಿಂದ 400 ಗಿಗಾಬಿಟ್‌ಗೆ ಏರಿಸುವ ಕೆಲಸಕ್ಕೆ ಬೇಕಾದ ಆಪ್ಟಿಕಲ್ ಟ್ರಾನ್ಸಿವರ್‌ಗಳನ್ನು (ವಿದ್ಯುತ್ ಸಂಕೇತವನ್ನು ಬೆಳಕಾಗಿ, ಬೆಳಕನ್ನು ಮತ್ತೆ ವಿದ್ಯುತ್ ಸಂಕೇತವಾಗಿ ಬದಲಿಸುವ ಮಾಡ್ಯೂಲ್‌ಗಳನ್ನು) ನಾವು ತಮ್ಮ ಸಂಸ್ಥೆಯಿಂದಲೇ, ತಮ್ಮ ಸಲಹಾ ಎಂಜಿನಿಯರ್ ಆರಿಸಿಕೊಟ್ಟಂತೆಯೇ ತರಿಸಿಕೊಂಡೆವು. ಅವುಗಳನ್ನು ಹಾಕಿದ ಮಾರ್ಗಗಳಲ್ಲಿ ಸಭಾಂಗಣಗಳನ್ನು ಜೋಡಿಸುವ 29 ಮಾರ್ಗಗಳು ಅಳವಡಿಸಿದ ದಿನದಿಂದಲೂ ಪದೇ ಪದೇ ಕಡಿದು ಹೋಗುತ್ತಿವೆ. ಮೂರು ಬಾರಿ ದೂರು ದಾಖಲಿಸಿದೆವು. ಮೂರು ಬಾರಿಯೂ ಬಂದ ಉತ್ತರ ಒಂದೇ: ಮಾಡ್ಯೂಲ್‌ನಲ್ಲಿ ದೋಷ ಕಂಡುಬಂದಿಲ್ಲ, ಲಿಂಕ್ ಮೇಲಿದೆ (ಅಂದರೆ ಸಂಪರ್ಕ ಚಾಲ್ತಿಯಲ್ಲಿದೆ), ಆದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ. ಈ ಉತ್ತರವನ್ನು ನಾವು ಏಕೆ ಒಪ್ಪುವುದಿಲ್ಲ ಎಂಬುದನ್ನು ವಿವರವಾಗಿ ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ, ಆಯ್ಕೆ ಹೇಗೆ ನಡೆಯಿತು ಎಂಬುದನ್ನು ನೆನಪಿಸಬೇಕಾಗಿದೆ. ಆದೇಶ ಕೊಡುವ ಮೊದಲು ತಮ್ಮ ಕಡೆಯಿಂದ ಬಂದ ನಮೂನೆಯನ್ನು ನಾವು ಪೂರ್ತಿಯಾಗಿ ತುಂಬಿ ಕಳುಹಿಸಿದ್ದೆವು. ಅತಿ ಉದ್ದದ ಮಾರ್ಗ 380 ಮೀಟರ್ ಎಂದೂ, ಫೈಬರ್ ಸಿಂಗಲ್ ಮೋಡ್ ಎಂದೂ, ಲೀಫ್ ಸ್ವಿಚ್‌ನಿಂದ (ಸರ್ವರ್‌ಗಳು ಸೇರುವ ಸ್ವಿಚ್) ಸ್ಪೈನ್ ಸ್ವಿಚ್‌ಗೆ (ಲೀಫ್‌ಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್) ಹೋಗುವ ಪ್ರತಿಯೊಂದು ಉದ್ದದ ಮಾರ್ಗವೂ ರ‍್ಯಾಕ್, ಸಾಲು ಮತ್ತು ಸಭಾಂಗಣದ ಪ್ಯಾಚ್ ಪ್ಯಾನೆಲ್‌ಗಳಲ್ಲಿ ಒಟ್ಟು ಆರು ಎಂಪಿಒ ಕೂಡುಗಳನ್ನು (ಹಲವು ಫೈಬರ್‌ಗಳನ್ನು ಒಟ್ಟಿಗೆ ಜೋಡಿಸುವ ಕನೆಕ್ಟರ್‌ಗಳು ಸೇರುವ ಜಾಗಗಳನ್ನು) ದಾಟುತ್ತದೆ ಎಂದೂ ಬರೆದು, ನಕ್ಷೆಯನ್ನೂ ಲಗತ್ತಿಸಿದ್ದೆವು. ಅದಕ್ಕೆ ಬಂದ ಉತ್ತರ ಎರಡೇ ಸಾಲಿನದು. ಡಿಆರ್4 ಮಾಡ್ಯೂಲ್ 500 ಮೀಟರ್‌ವರೆಗೆ ಕೆಲಸ ಮಾಡುತ್ತದೆ, ತಮ್ಮ ದೂರ 380 ಮೀಟರ್, ಆದ್ದರಿಂದ ಇದು ಸಾಕು ಎಂದಷ್ಟೇ ಅದರಲ್ಲಿತ್ತು. ಕೂಡುಗಳ ಬಗ್ಗೆ ಒಂದು ಪ್ರಶ್ನೆಯನ್ನೂ ಯಾರೂ ಕೇಳಲಿಲ್ಲ. ನಮ್ಮ ದೂರಿನ ಮೂಲ ಇಲ್ಲಿದೆ.

500 ಮೀಟರ್ ಎಂಬುದು ಡಿಆರ್4ಗೆ ಇರುವ ಎರಡು ಮಿತಿಗಳಲ್ಲಿ ಒಂದು ಮಾತ್ರ. ಐಇಇಇ 802.3ಬಿಎಸ್ ಮಾನದಂಡ 2017ರಲ್ಲಿ ಡಿಆರ್4 ಅನ್ನು ನಿರ್ದಿಷ್ಟಪಡಿಸಿದಾಗ, ಆ ದೂರದ ಜೊತೆಗೇ ಇಡೀ ಮಾರ್ಗದಲ್ಲಿ ಬೆಳಕಿನ ನಷ್ಟ 3.0 ಡೆಸಿಬೆಲ್ ಮೀರಬಾರದು ಎಂದೂ ಹೇಳಿತು. ಸಿಂಗಲ್ ಮೋಡ್ ಫೈಬರ್‌ನಲ್ಲಿ 380 ಮೀಟರ್ ಸಾಗಿದರೆ ಆಗುವ ನಷ್ಟ ಹೆಚ್ಚೆಂದರೆ 0.2 ಡೆಸಿಬೆಲ್‌ನಷ್ಟು, ಅದು ಲೆಕ್ಕಕ್ಕೇ ಬರುವಂಥದ್ದಲ್ಲ. ನಷ್ಟವಾಗುವುದು ಕೂಡುಗಳಲ್ಲಿ. ಸಾಮಾನ್ಯ ದರ್ಜೆಯ ಸಿಂಗಲ್ ಮೋಡ್ ಎಂಪಿಒ ಕೂಡೊಂದಕ್ಕೆ 0.75 ಡೆಸಿಬೆಲ್‌ವರೆಗೆ, ಕಡಿಮೆ ನಷ್ಟದ ದರ್ಜೆಯದಕ್ಕೆ 0.35 ಡೆಸಿಬೆಲ್‌ವರೆಗೆ ಅವಕಾಶವಿರುತ್ತದೆ. ನಡುವಿನ ಅಂದಾಜಾಗಿ ಒಂದಕ್ಕೆ ಅರ್ಧ ಡೆಸಿಬೆಲ್ ಎಂದು ಹಿಡಿದರೂ ಆರು ಕೂಡುಗಳಿಗೇ 3.0 ಡೆಸಿಬೆಲ್ ಮುಗಿದು ಹೋಗುತ್ತದೆ, ಫೈಬರ್‌ಗೆಂದು ಏನೂ ಉಳಿಯುವುದಿಲ್ಲ. ನಮ್ಮ ನಕ್ಷೆಯನ್ನು ಎದುರಿಗಿಟ್ಟುಕೊಂಡು ಈ ಕೂಡಿಸುವ ಲೆಕ್ಕ ಮಾಡಲು ಐದು ನಿಮಿಷವೂ ಬೇಡ. ಸಲಹೆ ಕೊಡುವವರಾಗಿ ತಾವು ಅದನ್ನು ಮಾಡಬೇಕಿತ್ತು. ತಮ್ಮನ್ನು ನಂಬಿ ನಾವೂ ಅದನ್ನು ಮಾಡದೆ ಬಿಟ್ಟೆವು ಎಂಬುದನ್ನು ಬೇಸರದಿಂದಲೇ ಒಪ್ಪಿಕೊಳ್ಳುತ್ತೇನೆ.

ಲಿಂಕ್‌ಗಳು ಕಡಿಯಲು ಆರಂಭಿಸಿದ ಮೇಲೆ ನಾವು ಕೈಕಟ್ಟಿ ಕೂರಲಿಲ್ಲ. ಮೊದಲು ತೊಂದರೆ ಕಂಡ 41 ಮಾರ್ಗಗಳ ಎಲ್ಲಾ ಕನೆಕ್ಟರ್ ತುದಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಶುಚಿಗೊಳಿಸಿದೆವು. ಅವುಗಳಲ್ಲಿ 12 ಮಾರ್ಗಗಳು ಅಷ್ಟರಿಂದಲೇ ಸರಿಹೋದವು. ಅವು ನಮ್ಮ ಕಡೆಯ ಕೊರತೆಯಾದ್ದರಿಂದ ಈ ದೂರಿನಲ್ಲಿ ಸೇರಿಲ್ಲ. ಉಳಿದ 29 ಮಾರ್ಗಗಳ ನಷ್ಟವನ್ನು ಬೆಳಕಿನ ಮೂಲ ಮತ್ತು ಪವರ್ ಮೀಟರ್ ಇಟ್ಟು, ಹೋಗಲು ನಾಲ್ಕು ಬರಲು ನಾಲ್ಕು ಹೀಗೆ ಎಂಟೂ ಫೈಬರ್‌ಗಳಲ್ಲಿ ಅಳೆದಾಗ, ಪ್ರತಿಯೊಂದು ಮಾರ್ಗದಲ್ಲೂ ಕನಿಷ್ಠ ಒಂದು ಫೈಬರ್ 3.2ರಿಂದ 3.7 ಡೆಸಿಬೆಲ್ ನಷ್ಟ ತೋರಿಸಿತು. ಬಳಿಕ, ತಮ್ಮ ಬೆಂಬಲ ವಿಭಾಗದವರು ಕೇಳಿದಂತೆ, ಈ ಮಾರ್ಗಗಳ ಮಾಡ್ಯೂಲ್‌ಗಳನ್ನು ಎರಡೇ ಕೂಡುಗಳಿರುವ ಗಿಡ್ಡ ಮಾರ್ಗಗಳಿಗೆ ಹಾಕಿ, ಅಲ್ಲಿನವನ್ನು ಇಲ್ಲಿಗೆ ತಂದೆವು. ತೊಂದರೆ ಮಾಡ್ಯೂಲ್‌ನ ಹಿಂದೆ ಹೋಗಲಿಲ್ಲ, ಮಾರ್ಗದಲ್ಲೇ ಉಳಿಯಿತು. ಮಾಡ್ಯೂಲ್‌ನಲ್ಲಿ ದೋಷವಿಲ್ಲ ಎಂಬ ತಮ್ಮ ಮಾತು ಆದ್ದರಿಂದ ನಿಜವೇ. ದೋಷವಿರುವುದು ಆಯ್ಕೆಯಲ್ಲಿ. ಆಯ್ಕೆ ಮಾಡಿದವರು ತಾವು.

ಲಿಂಕ್ ಮೇಲಿದೆ ಎಂಬ ವಾದದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕಾಗಿದೆ, ಏಕೆಂದರೆ ಹಳೆಯ ವೇಗಗಳಲ್ಲಿ ಹೊಂದುತ್ತಿದ್ದ ಈ ಮಾತು 400 ಗಿಗಾಬಿಟ್‌ನಲ್ಲಿ ಹೊಂದುವುದಿಲ್ಲ. ಹಿಂದಿನ 25 ಗಿಗಾಬಿಟ್ ಲೇನ್‌ಗಳಲ್ಲಿ (ದತ್ತಾಂಶ ಸಾಗುವ ಒಂದೊಂದು ಹಾದಿಯಲ್ಲಿ) ಬೆಳಕಿಗೆ ಎರಡೇ ಮಟ್ಟಗಳಿದ್ದವು. ಡಿಆರ್4ನ ಪ್ರತಿಯೊಂದು ಲೇನ್ ಪ್ಯಾಮ್4 ವಿಧಾನದಲ್ಲಿ 100 ಗಿಗಾಬಿಟ್ ಸಾಗಿಸುವಾಗ ಅದೇ ಎತ್ತರದೊಳಗೆ ನಾಲ್ಕು ಮಟ್ಟಗಳು ಇರಬೇಕಾಗುತ್ತದೆ. ಮಟ್ಟಗಳ ನಡುವಿನ ಅಂತರ ಮೂರರಲ್ಲಿ ಒಂದು ಪಾಲಿಗೆ ಇಳಿಯುವುದರಿಂದ ಸ್ವೀಕರಿಸುವ ತುದಿಯಲ್ಲಿ ಬಿಟ್‌ಗಳು ತಪ್ಪುವುದು ಇಲ್ಲಿ ಸಹಜವೇ, ಅದನ್ನು ತಿದ್ದುವ ಹೊಣೆ ಎಫ್‌ಇಸಿ ವ್ಯವಸ್ಥೆಯದು. 544 ಸಂಕೇತಗಳ ಒಂದು ಕಟ್ಟಿನಲ್ಲಿ 15 ಸಂಕೇತಗಳು ಕೆಟ್ಟರೂ ಅದು ಸರಿಪಡಿಸುತ್ತದೆ, 16ನೆಯದು ಕೆಟ್ಟರೆ ಆ ಕಟ್ಟೇ ಕೈತಪ್ಪುತ್ತದೆ. ತಿದ್ದುವ ಮೊದಲಿನ ತಪ್ಪಿನ ಪ್ರಮಾಣ ಹತ್ತು ಸಾವಿರ ಬಿಟ್‌ಗಳಿಗೆ ಸುಮಾರು 2.4ರ ಒಳಗಿರುವವರೆಗೆ ಹೊರಗಿನಿಂದ ನೋಡುವವರಿಗೆ ಎಲ್ಲವೂ ನಿರ್ಮಲವಾಗಿಯೇ ಕಾಣುತ್ತದೆ, ಅದನ್ನು ದಾಟಿದೊಡನೆ ಪ್ರಪಾತಕ್ಕೆ ಬಿದ್ದಂತೆ ಕುಸಿಯುತ್ತದೆ. ನಮ್ಮ ಗಿಡ್ಡ ಮಾರ್ಗಗಳಲ್ಲಿ ಈ ಪ್ರಮಾಣ ಒಂದು ಕೋಟಿ ಬಿಟ್‌ಗಳಿಗೆ ಒಂದಕ್ಕಿಂತಲೂ ಕಡಿಮೆ. ದೂರಿನಲ್ಲಿರುವ 29 ಮಾರ್ಗಗಳಲ್ಲಿ ಅದು ಹತ್ತು ಸಾವಿರಕ್ಕೆ 1.6ರಿಂದ 2.1ರವರೆಗೆ ಇದೆ. ಅಂದರೆ ಅವು ದಿನವಿಡೀ ಪ್ರಪಾತದ ಅಂಚಿನಲ್ಲೇ ನಿಂತಿವೆ. ಸ್ವಿಚ್ ಮೇಲಿನ ಹೊರೆ ಏರಿ ಮಾಡ್ಯೂಲ್ ಸ್ವಲ್ಪ ಬಿಸಿಯಾದರೆ, ಅಥವಾ ಪಕ್ಕದ ಕೇಬಲ್ ಎಳೆದಾಗ ಕೂಡೊಂದು ಅಲುಗಿದರೆ ಲಿಂಕ್ ಬೀಳುತ್ತದೆ, ಕೆಲವು ಕ್ಷಣಗಳಲ್ಲಿ ತಾನಾಗಿಯೇ ಏಳುತ್ತದೆ. ತಮ್ಮ ಸಿಬ್ಬಂದಿ ಪರೀಕ್ಷಿಸಿದ್ದು ಎದ್ದು ನಿಂತ ಲಿಂಕನ್ನು ಮಾತ್ರ.

ತಿದ್ದುವ ಮೊದಲಿನ ತಪ್ಪಿನ ಪ್ರಮಾಣ, ಪ್ರತಿ ಲೇನ್‌ನಲ್ಲಿ ಹೋಗುವ ಮತ್ತು ಬರುವ ಬೆಳಕಿನ ಬಲ, ಮಾಡ್ಯೂಲ್‌ನ ಉಷ್ಣಾಂಶ ಇವೆಲ್ಲವನ್ನೂ ಸಿಎಂಐಎಸ್ ನಿರ್ವಹಣಾ ವ್ಯವಸ್ಥೆಯ ಮೂಲಕ ಮಾಡ್ಯೂಲ್‌ನಿಂದಲೇ ಓದಬಹುದು. ಆರು ವಾರಗಳ ಈ ದಾಖಲೆಯನ್ನು ನಾವು ಎರಡನೆಯ ದೂರಿನೊಂದಿಗೇ ಕಳುಹಿಸಿದ್ದೆವು. ಮೂರನೆಯ ದೂರಿಗೆ ಬಂದ ಉತ್ತರದಲ್ಲೂ ಅದರ ಒಂದು ಅಂಕಿಯ ಪ್ರಸ್ತಾಪವೂ ಇರಲಿಲ್ಲ. ರಾತ್ರಿ ಪಾಳಿಯ ನನ್ನ ಸಹೋದ್ಯೋಗಿಗಳು ನಿದ್ದೆಗೆಟ್ಟು ಕಲೆಹಾಕಿದ ದಾಖಲೆಯನ್ನು ಯಾರೂ ತೆರೆದೂ ನೋಡಿಲ್ಲ ಎಂಬುದು ನನಗೆ ಬಹಳ ನೋವು ತಂದಿದೆ. ಈ ಲಿಂಕ್‌ಗಳ ಮೇಲೆ ನಡೆಯುವ ಲೆಕ್ಕಾಚಾರಗಳಲ್ಲಿ ನೂರಾರು ಸರ್ವರ್‌ಗಳು ಒಂದಕ್ಕೊಂದು ಕಾದು ಮುಂದುವರಿಯುತ್ತವೆ. ಒಂದು ಲಿಂಕ್ ಕೆಲವು ಕ್ಷಣ ಬಿದ್ದರೂ ಇಡೀ ಕೆಲಸ ನಿಂತು, ಕೊನೆಯ ಬಾರಿ ಉಳಿಸಿಟ್ಟ ಹಂತದಿಂದ ಮತ್ತೆ ಆರಂಭವಾಗಬೇಕು. ಹೀಗೆ ಕಳೆದುಹೋದ ಗಂಟೆಗಳಿಗೆ ನಮ್ಮ ಬಳಕೆದಾರರಿಗೆ ಉತ್ತರ ಹೇಳುತ್ತಿರುವವರು ನಾವು.

ಇದೇ ಆದೇಶದ ಇನ್ನೊಂದು ಭಾಗದಲ್ಲಿ ಇದಕ್ಕಿಂತಲೂ ಸ್ಪಷ್ಟವಾದ ತಪ್ಪು ನಡೆದಿದೆ. ಒಂದು 400 ಗಿಗಾಬಿಟ್ ಪೋರ್ಟನ್ನು ನಾಲ್ಕು 100 ಗಿಗಾಬಿಟ್ ಪೋರ್ಟ್‌ಗಳಾಗಿ ಕವಲೊಡೆಸಿ ಹಳೆಯ ಸರ್ವರ್‌ಗಳಿಗೆ ಕೊಡಬೇಕೆಂದು ನಾವು ತಿಳಿಸಿದ್ದೆವು. ತಾವು ಒಂದು ತುದಿಗೆ ಡಿಆರ್4, ಇನ್ನೊಂದು ತುದಿಗೆ 100 ಗಿಗಾಬಿಟ್ ಸಿಡಬ್ಲ್ಯೂಡಿಎಂ4 ಮಾಡ್ಯೂಲ್‌ಗಳನ್ನು ಕಳುಹಿಸಿ, ಎರಡೂ ಸಿಂಗಲ್ ಮೋಡ್ ಆದ್ದರಿಂದ ಹೊಂದುತ್ತವೆ ಎಂದು ದರಪಟ್ಟಿಯಲ್ಲೇ ಬರೆದುಕೊಟ್ಟಿರಿ. ಇವು ಎಂದಿಗೂ ಹೊಂದುವಂಥವಲ್ಲ. ಡಿಆರ್4 ತನ್ನ ಒಂದೊಂದು ಫೈಬರ್‌ನಲ್ಲೂ 1310 ನ್ಯಾನೋಮೀಟರ್ ಸುಮಾರಿನ ಒಂದೇ ಬಣ್ಣದ ಬೆಳಕಿನಲ್ಲಿ 100 ಗಿಗಾಬಿಟ್ ಕಳುಹಿಸಿದರೆ, ಸಿಡಬ್ಲ್ಯೂಡಿಎಂ4 ಒಂದೇ ಫೈಬರ್‌ನಲ್ಲಿ 1271, 1291, 1311 ಮತ್ತು 1331 ನ್ಯಾನೋಮೀಟರ್‌ಗಳ ನಾಲ್ಕು ಬಣ್ಣಗಳನ್ನು ಕೂಡಿಸಿ, ಒಂದೊಂದರಲ್ಲೂ 25 ಗಿಗಾಬಿಟ್‌ನಂತೆ ಎರಡೇ ಮಟ್ಟದ ಸಂಕೇತ ಕಳುಹಿಸುತ್ತದೆ. ಫೈಬರ್ ಒಂದೇ ಆದರೂ ಒಂದರ ಭಾಷೆ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಇಲ್ಲಿ ಬೇಕಾಗಿದ್ದುದು ಒಂದೇ ತರಂಗದ 100 ಗಿಗಾಬಿಟ್ ಡಿಆರ್ ಮಾಡ್ಯೂಲ್. ಲಿಂಕ್ ಏಳುತ್ತಿಲ್ಲ ಎಂದು ತಿಳಿಸಿದಾಗ ತಮ್ಮ ಬೆಂಬಲ ವಿಭಾಗ ಸ್ವಿಚ್‌ನ ಫರ್ಮ್‌ವೇರ್ ಬದಲಿಸಿ ನೋಡಿ ಎಂದು ಎರಡು ಬಾರಿ ಸೂಚಿಸಿತು. ಆ ಸಲಹೆ ಪಾಲಿಸಲು ಚಾಲ್ತಿಯಲ್ಲಿದ್ದ ಸ್ವಿಚ್‌ಗಳನ್ನು ಎರಡು ಬಾರಿ ನಿಲ್ಲಿಸಿ, ಮೂರು ವಾರ ಕಳೆದುಕೊಂಡೆವು.

ಉಷ್ಣಾಂಶದ ವಿಷಯದಲ್ಲೂ ಒಂದು ಮಾತು. ದರಪಟ್ಟಿಯಲ್ಲಿ ಪ್ರತಿ ಮಾಡ್ಯೂಲ್‌ನ ವಿದ್ಯುತ್ ಬಳಕೆ 8 ವ್ಯಾಟ್ ಎಂದಿತ್ತು. ಮಾಡ್ಯೂಲ್ ತನ್ನ ಬಗ್ಗೆ ತಾನೇ ಸ್ವಿಚ್‌ಗೆ ತಿಳಿಸುವ ಗರಿಷ್ಠ ಬಳಕೆ 10 ವ್ಯಾಟ್. ಮೊದಲನೆಯದು ಸಾಮಾನ್ಯ ಸ್ಥಿತಿಯ ಅಂಕಿ ಎಂದು ಎಲ್ಲಿಯೂ ಬರೆದಿರಲಿಲ್ಲ. 32 ಪೋರ್ಟ್‌ಗಳ ಒಂದು ಸ್ವಿಚ್‌ಗೆ ಇದು 64 ವ್ಯಾಟ್‌ಗಳ ವ್ಯತ್ಯಾಸ, ಗಾಳಿಯ ಹರಿವನ್ನು ಲೆಕ್ಕ ಹಾಕುವವರಿಗೆ ಸಣ್ಣದಲ್ಲ. ಫ್ಯಾನ್‌ಗಳ ವೇಗ ಏರಿಸಿ ನಾವು ಇದನ್ನು ಸಂಭಾಳಿಸಿದ್ದೇವೆ, ಆದ್ದರಿಂದ ಇದಕ್ಕಾಗಿ ಪರಿಹಾರ ಕೇಳುತ್ತಿಲ್ಲ. ಆದರೆ ಮಾಡ್ಯೂಲ್‌ನ ಹೊರಕವಚಕ್ಕೆ 70 ಡಿಗ್ರಿ ಸೆಲ್ಸಿಯಸ್ ಮಿತಿ ಇರುವಾಗ, ಮುಂದೆ ಗರಿಷ್ಠ ಅಂಕಿಯನ್ನೇ ನಮೂದಿಸಬೇಕೆಂದು ಆಗ್ರಹಿಸುತ್ತೇನೆ.

ಮೊದಲ 29 ಮಾರ್ಗಗಳಿಗೆ ಸರಿಯಾದ ಪರಿಹಾರ ಯಾವುದೆಂದು ನಾವು ಯೋಚಿಸಿಯೇ ಕೇಳುತ್ತಿದ್ದೇವೆ. 2 ಕಿಲೋಮೀಟರ್‌ನ ಎಫ್‌ಆರ್4 ಮಾಡ್ಯೂಲ್ 4.0 ಡೆಸಿಬೆಲ್ ನಷ್ಟ ತಡೆಯುತ್ತದೆ. ಆದರೆ ಅದಕ್ಕೆ ಬೇಕಿರುವುದು ಎರಡು ಫೈಬರ್‌ಗಳ ಎಲ್‌ಸಿ ಕನೆಕ್ಟರ್, ಹಾಗಾಗಿ ನಮ್ಮ ಎಂಪಿಒ ಪ್ಯಾನೆಲ್‌ಗಳಲ್ಲೆಲ್ಲ ಕೈಹಾಕಬೇಕಾಗುತ್ತದೆ. ಡಿಆರ್4ನ 2 ಕಿಲೋಮೀಟರ್ ರೂಪವಾದ ಡಿಆರ್4-2 ಮಾಡ್ಯೂಲ್ ಅದೇ ಎಂಪಿಒ ಕೇಬಲ್ ಮೇಲೆ, ಅದೇ ಎಂಟು ಫೈಬರ್‌ಗಳಲ್ಲಿ ಸಾಗುತ್ತದೆ, ಅದಕ್ಕೂ 4.0 ಡೆಸಿಬೆಲ್ ಅವಕಾಶವಿದೆ. ನಮ್ಮ ಅತಿ ಕೆಟ್ಟ ಫೈಬರ್ 3.7 ಡೆಸಿಬೆಲ್ ಆದ್ದರಿಂದ ಉಳಿಯುವುದು 0.3 ಮಾತ್ರ ಎಂಬುದು ನಮಗೆ ಗೊತ್ತಿದೆ. ಆ ಅಂತರ ಹೆಚ್ಚಿಸಲು ಪ್ಯಾಚ್ ಕಾರ್ಡ್‌ಗಳನ್ನು ಕಡಿಮೆ ನಷ್ಟದ ದರ್ಜೆಯವುಗಳಿಗೆ ನಮ್ಮದೇ ಖರ್ಚಿನಲ್ಲಿ ಬದಲಿಸಲು ಸಿದ್ಧರಿದ್ದೇವೆ.

ಆದ್ದರಿಂದ ಈ 29 ಮಾರ್ಗಗಳ ಎರಡೂ ತುದಿಗಳಲ್ಲಿರುವ 58 ಡಿಆರ್4 ಮಾಡ್ಯೂಲ್‌ಗಳನ್ನು ಹಿಂಪಡೆದು, ನಮ್ಮ ಸ್ವಿಚ್‌ಗಳು ಗುರುತಿಸುವಂತೆ ಕೋಡ್ ಮಾಡಿದ ಡಿಆರ್4-2 ಮಾಡ್ಯೂಲ್‌ಗಳನ್ನು ಹೆಚ್ಚುವರಿ ಬೆಲೆಯಿಲ್ಲದೆ ಕೊಡಬೇಕೆಂದು ಕೋರುತ್ತೇನೆ. ಸಿಡಬ್ಲ್ಯೂಡಿಎಂ4 ಮಾಡ್ಯೂಲ್‌ಗಳ ಬದಲಿಗೆ 100 ಗಿಗಾಬಿಟ್ ಡಿಆರ್ ಮಾಡ್ಯೂಲ್‌ಗಳು ಬರಬೇಕು, ಅವುಗಳ ಜೊತೆ ಸರ್ವರ್ ಬದಿಯಲ್ಲಿ ಎಫ್‌ಇಸಿಯನ್ನು ಹೇಗೆ ಇಡಬೇಕೆಂಬ ಲಿಖಿತ ಸೂಚನೆಯೂ ಇರಬೇಕು. ಬದಲಿ ಮಾಡ್ಯೂಲ್‌ಗಳನ್ನು ರವಾನಿಸುವ ಮೊದಲು ಪ್ರತಿಯೊಂದು ಮಾರ್ಗಕ್ಕೂ ಕೂಡುಗಳ ಸಂಖ್ಯೆ, ಅಳೆದ ನಷ್ಟ ಮತ್ತು ಉಳಿಯುವ ಅಂತರವನ್ನು ತೋರಿಸುವ ಲೆಕ್ಕವನ್ನು ತಮ್ಮ ಎಂಜಿನಿಯರ್ ಸಹಿ ಮಾಡಿ ಕೊಡಬೇಕು. ಅಳತೆಯ ದಾಖಲೆಗಳನ್ನು ಈ ಪತ್ರದೊಂದಿಗೆ ಮತ್ತೊಮ್ಮೆ ಲಗತ್ತಿಸಿದ್ದೇನೆ. ಅಳವಡಿಸಿದ ನಂತರ ಲಿಂಕ್ ಮೇಲಿದೆ ಎಂಬುದನ್ನು ಸ್ವೀಕೃತಿಯ ಆಧಾರವಾಗಿ ನಾವು ಒಪ್ಪುವುದಿಲ್ಲ. ಪೂರ್ಣ ಹೊರೆಯಲ್ಲಿ 72 ಗಂಟೆ ನಡೆಸಿ, ತಿದ್ದುವ ಮೊದಲಿನ ತಪ್ಪಿನ ಪ್ರಮಾಣ ಪ್ರತಿ ಲೇನ್‌ನಲ್ಲೂ ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ ಇದ್ದರೆ ಮಾತ್ರ ಒಪ್ಪುತ್ತೇವೆ.

ತಮ್ಮ ಆಯ್ಕೆಯ ನಮೂನೆಯಲ್ಲಿ ಕೂಡುಗಳ ಸಂಖ್ಯೆ ಕೇಳುವ ಅಂಕಣ ಈಗಾಗಲೇ ಇದೆ. ನಾವು ಅದನ್ನು ತುಂಬಿಯೂ ಇದ್ದೆವು. ಅದನ್ನು ಓದಿ ಲೆಕ್ಕ ಮಾಡದೆ ಯಾವ ಎಂಜಿನಿಯರೂ ಮಾಡ್ಯೂಲ್ ಸೂಚಿಸದಂತೆ ತಾವು ಒಳಗೆ ಏನು ಕ್ರಮ ಕೈಗೊಂಡಿರಿ ಎಂಬುದನ್ನೂ ಉತ್ತರದಲ್ಲಿ ತಿಳಿಸಬೇಕು. ಮುಂದಿನ ಹಂತದಲ್ಲಿ ನಾವು 800 ಗಿಗಾಬಿಟ್‌ಗೆ ಹೋಗಬೇಕಾಗಿದ್ದು, ಆ ಆದೇಶವನ್ನು ಯಾರಿಗೆ ಕೊಡಬೇಕೆಂಬ ಚರ್ಚೆ ಇದೇ ತಿಂಗಳು ನಡೆಯಲಿದೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ. ಉತ್ತರ ಬಾರದಿದ್ದರೆ, ಅಥವಾ ದೋಷ ಕಂಡುಬಂದಿಲ್ಲ ಎಂಬ ಅದೇ ಮಾತು ಮತ್ತೆ ಬಂದರೆ, ಖರೀದಿ ಒಪ್ಪಂದದಲ್ಲಿರುವ ವ್ಯಾಜ್ಯ ಇತ್ಯರ್ಥದ ಷರತ್ತಿನಂತೆ ಮುಂದುವರಿಯುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಎಂಜಿನಿಯರ್, ನೆಟ್‌ವರ್ಕ್ ವಿಭಾಗ

ಲಗತ್ತುಗಳು: 29 ಮಾರ್ಗಗಳ ನಷ್ಟದ ಅಳತೆ, ಆರು ವಾರಗಳ ಲೇನ್‌ವಾರು ದಾಖಲೆ, ಕನೆಕ್ಟರ್ ತುದಿಗಳ ಚಿತ್ರಗಳು, ಆದೇಶಕ್ಕೆ ಮೊದಲು ತುಂಬಿ ಕಳುಹಿಸಿದ ನಮೂನೆ ಮತ್ತು ನಕ್ಷೆಯ ಪ್ರತಿ.