ಕಾಲು ಕತ್ತರಿಸಲು ದುಡ್ಡಿದೆ, ಗಾಯ ಕಟ್ಟಲು ಇಲ್ಲ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಸುತ್ತಿ ಬಳಸಿ ಹೇಳುವುದಿಲ್ಲ. ಶುಗರ್ ಇರುವವರ ಕಾಲಿನ ಹುಣ್ಣಿಗೆ ಮನೆಯಲ್ಲಿ ಕಟ್ಟಿಕೊಳ್ಳುವ ಡ್ರೆಸ್ಸಿಂಗ್ ಇದೆಯಲ್ಲ, ಗಾಯದ ನೀರು ಹೀರಿಕೊಳ್ಳುವಂಥದ್ದು, ಅದಕ್ಕೆ ನಿಮ್ಮ ಯೋಜನೆಯಲ್ಲಿ ದುಡ್ಡು ಕೊಡಿ. ಬೇಡಿಕೆ ಇಷ್ಟೇ. ಯಾಕೆ ಅಂತ ಹೇಳುವುದಕ್ಕೆ ಸ್ವಲ್ಪ ಜಾಸ್ತಿ ಬರೆಯಬೇಕಾಗಿದೆ, ದಯವಿಟ್ಟು ಓದಿ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ 2018ರಿಂದ ನಡೆಯುತ್ತಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜಿನ (ಅಂದರೆ ಒಂದೊಂದು ಚಿಕಿತ್ಸೆಗೆ ಯೋಜನೆ ಗೊತ್ತು ಮಾಡಿದ ದರದ) ಶೇ 30, ಅದೂ 1.5 ಲಕ್ಷದ ಒಳಗೆ. ಒಳ್ಳೆಯ ಯೋಜನೆ, ಅದರಿಂದ ಜೀವ ಉಳಿದವರನ್ನು ನಾನೇ ನೋಡಿದ್ದೇನೆ. ಆದರೆ ಅದು ಹೆಚ್ಚುಕಡಿಮೆ ಹಾಸಿಗೆ ಮೇಲೆ ಮಲಗಿದವರ ಯೋಜನೆ. ಆಯುಷ್ಮಾನ್ ನಿಯಮದಲ್ಲಿ ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧದ ಖರ್ಚು ಪ್ಯಾಕೇಜಿಗೆ ಸೇರುತ್ತದೆ. ಶುಗರ್ ಹುಣ್ಣು 15 ದಿನದಲ್ಲಿ ಮಾಯುತ್ತದಾ ಸಾರ್? ಚೆನ್ನಾಗಿ ನೋಡಿಕೊಂಡರೂ ತಿಂಗಳುಗಟ್ಟಲೆ ಬೇಕು. 16ನೇ ದಿನದಿಂದ ಗಾಯವೂ ರೋಗಿಯದೇ, ಖರ್ಚೂ ರೋಗಿಯದೇ. ಆಮೇಲೆ ಆಗುವುದು ಗೊತ್ತಿರುವುದೇ: ಕೈಯಲ್ಲಿ ಕಾಸಿಲ್ಲದೆ ಹಳೆ ಪಂಚೆ ಹರಿದು ಕಟ್ಟುತ್ತಾರೆ, ಕೀವು ತುಂಬುತ್ತದೆ, ಮೊದಲು ಒಂದು ಬೆರಳು ಹೋಗುತ್ತದೆ, ಆಮೇಲೆ ಮೊಣಕಾಲಿನ ಕೆಳಗೆ ತೆಗೆಯಬೇಕು ಅನ್ನುತ್ತಾರೆ. ಆ ಆಪರೇಷನ್‌ಗೆ ಪ್ಯಾಕೇಜ್ ಇದೆ, ಕಾರ್ಡು ತೋರಿಸಿದರೆ ಆಯಿತು.

ಈ ಡ್ರೆಸ್ಸಿಂಗ್ ಏನು ಅಂತ ನಿಮ್ಮ ಅಧಿಕಾರಿಗಳಿಗೆ ಗೊತ್ತು, ಓದುವ ಬೇರೆಯವರಿಗೆ ಹೇಳುತ್ತೇನೆ. ನಾವು ಬಾಲ್ಯದಿಂದ ನೋಡಿದ್ದು ಹತ್ತಿ ಮತ್ತು ಗಾಜ್ ಬಟ್ಟೆ. ನೀರು ಜಾಸ್ತಿ ಸೋರುವ ಹುಣ್ಣಿಗೆ ಅದು ಸಾಲುವುದಿಲ್ಲ. ಬೇಗ ನೆನೆಯುತ್ತದೆ, ಸುತ್ತಲಿನ ಒಳ್ಳೆಯ ಚರ್ಮವೂ ಬೆಳ್ಳಗೆ ನೆಂದು ಕಿತ್ತು ಬರುತ್ತದೆ. ಒಣಗಿದರೆ ಇನ್ನೊಂದು ಕಷ್ಟ, ಗಾಯಕ್ಕೇ ಅಂಟಿ, ಬಿಚ್ಚುವಾಗ ಹೊಸದಾಗಿ ಹುಟ್ಟಿದ ಮಾಂಸವನ್ನೂ ಎಳೆದುಕೊಂಡು ಬರುತ್ತದೆ. ಫೋಮ್ ಡ್ರೆಸ್ಸಿಂಗ್ ನೀರನ್ನು ಹೀರಿ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಸಮುದ್ರದ ಪಾಚಿಯಿಂದ ಮಾಡುವ ಆಲ್ಜಿನೇಟ್ ಅಂತ ಇನ್ನೊಂದಿದೆ, ನೀರು ತಾಗಿದರೆ ಅಂಟಂಟಾದ ಜೆಲ್ ಆಗುತ್ತದೆ, ತುಂಬಾ ಸೋರುವ ಗಾಯಕ್ಕೆ ಅದು. ಫೋಮ್ ಹಾಕಿದರೆ ಎಷ್ಟೋ ಗಾಯಗಳಿಗೆ ದಿನಾ ಬಿಚ್ಚಿ ಕಟ್ಟುವುದು ತಪ್ಪುತ್ತದೆ, ಎರಡು ಮೂರು ದಿನಕ್ಕೊಮ್ಮೆ ಬದಲಿಸಿದರೆ ಸಾಕು. ಒಂದೊಂದು ಪೀಸಿಗೆ ಕೆಲವು ನೂರು ರೂಪಾಯಿ ಬೀಳುತ್ತದೆ, ನಿಜ. ಆದರೆ ಗಾಜ್ ಅಗ್ಗ ಅನ್ನುವವರು ಬಸ್ ಚಾರ್ಜು, ಆಟೋ, ಕೂಲಿ ಬಿಟ್ಟು ಜೊತೆಗೆ ಬಂದವನ ಆ ದಿನದ ಸಂಬಳ, ಇವನ್ನೆಲ್ಲ ಯಾವತ್ತಾದರೂ ಕೂಡಿಸಿದ್ದಾರಾ?

ಬೆಂಗಳೂರಲ್ಲಿ ಕೂತವರಿಗೆ ಈ ಲೆಕ್ಕ ಅಷ್ಟು ದೊಡ್ಡದಾಗಿ ಕಾಣಿಸಲಿಕ್ಕಿಲ್ಲ. ನಮ್ಮ ಕಡೆ ಬಂದು ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರದ ಕಡೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕಾಲಿಗೆ ಕಟ್ಟಿದ ಬ್ಯಾಂಡೇಜು ಎಲ್ಲಿ ಒಣಗೀತು! ಮನೆಯಿಂದ ಟಾರ್ ರಸ್ತೆಗೆ ಬರುವಷ್ಟರಲ್ಲಿ ಕೆಸರು ಒಳಗೆ ಹೋಗಿರುತ್ತದೆ. ಶುಗರ್ ಜಾಸ್ತಿಯಾಗಿ ಪಾದಕ್ಕೆ ಸ್ಪರ್ಶವೇ ಇಲ್ಲದವರಿಗೆ ತೋಟದಲ್ಲಿ ಸಿಬಿರು ಹೊಕ್ಕರೂ ಇಂಬಳ ಕಚ್ಚಿದರೂ ಗೊತ್ತಾಗುವುದಿಲ್ಲ, ರಾತ್ರಿ ಕಾಲು ತೊಳೆಯುವಾಗಲೇ ಗೊತ್ತಾಗುವುದು. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಬಂತು, ಲಾಂಚ್ ಕಾಯುವುದು ತಪ್ಪಿತು, ತುಂಬಾ ಸಂತೋಷ. ಆದರೂ ದಿನಾ ಒಂದು ಡ್ರೆಸ್ಸಿಂಗ್‌ಗೆ ಸಾಗರಕ್ಕೆ ಹೋಗಿ ಬಾ ಅಂದರೆ ಎಪ್ಪತ್ತು ವರ್ಷದ ಅಜ್ಜಿ ಹೋಗುತ್ತಾರಾ?

ಇನ್ನು ವಿಮೆ ಕಟ್ಟುವವರ ಕಥೆ. ನನ್ನ ದೊಡ್ಡಪ್ಪನಿಗೆ ಖಾಸಗಿ ಕಂಪನಿಯ ಪಾಲಿಸಿ ಇತ್ತು, ಅಡಿಕೆ ದುಡ್ಡಲ್ಲಿ ವರ್ಷಾ ತಪ್ಪದೆ ಪ್ರೀಮಿಯಂ ಕಟ್ಟಿದವರು. ಆಸ್ಪತ್ರೆಯಿಂದ ಬಂದ ಮೇಲೆ 60 ದಿನದ ಖರ್ಚು ಕೊಡುತ್ತೇವೆ ಅಂತ ಪಾಲಿಸಿಯಲ್ಲಿ ಬರೆದಿತ್ತು. ಫೋಮ್ ಡ್ರೆಸ್ಸಿಂಗ್ ಬಿಲ್ಲುಗಳನ್ನೆಲ್ಲ ಜೋಡಿಸಿ ಕಳಿಸಿದೆವು. ಮಾತ್ರೆಯ ದುಡ್ಡು ಬಂತು, ಡ್ರೆಸ್ಸಿಂಗ್ ಸಾಲುಗಳಿಗೆಲ್ಲ 'ಕನ್ಸ್ಯೂಮಬಲ್ಸ್ (ಬಳಸಿ ಬಿಸಾಡುವ ಸಾಮಾನು), ಕೊಡಲಾಗುವುದಿಲ್ಲ' ಅಂತ ಬಂತು. ಕೇಳಿದರೆ ಎರಡು ಕಾರಣ. ಒಂದು, ವಿಮಾ ನಿಯಂತ್ರಣ ಪ್ರಾಧಿಕಾರದ 2020ರ ಪಟ್ಟಿ. ಅದರಲ್ಲಿ ಹತ್ತಿ, ಗಾಜ್, ಬ್ಯಾಂಡೇಜ್, ಸರ್ಜಿಕಲ್ ಟೇಪ್ ಎಲ್ಲ ಚಿಕಿತ್ಸೆಯ ಶುಲ್ಕದಲ್ಲೇ ಸೇರಬೇಕು ಅಂತಿದೆ. ಆಸ್ಪತ್ರೆಯವರು ಹತ್ತಿಗೂ ಬೇರೆ ಬಿಲ್ ಹಾಕದಿರಲಿ ಅಂತ ಮಾಡಿದ ನಿಯಮ, ಅಲ್ಲಿಗೆ ಅದು ಸರಿ. ಆದರೆ ಮನೆಯಲ್ಲಿ ದೊಡ್ಡಮ್ಮ ಕಟ್ಟುವ ಡ್ರೆಸ್ಸಿಂಗ್ ಯಾವ ಶುಲ್ಕದಲ್ಲಿ ಸೇರಬೇಕು? ದೊಡ್ಡಮ್ಮ ಬಿಲ್ ಕೊಡುವುದಿಲ್ಲವಲ್ಲ. (ಅದೇ ಪಟ್ಟಿಯಲ್ಲಿ ಶುಗರ್ ರೋಗಿಗಳ ಚಪ್ಪಲಿ ಕೂಡ ಕೊಡಬೇಕಾಗಿಲ್ಲದ ಸಾಮಾನು. ಹುಣ್ಣು ಆಗದ ಹಾಗೆ ತಡೆಯುವ ಚಪ್ಪಲಿ!) ಎರಡನೇ ಕಾರಣ, ಮನೆಗೆ ಕಳಿಸುವಾಗ ಆಸ್ಪತ್ರೆಯವರು ಬರೆದುಕೊಡುವ ಡಿಸ್ಚಾರ್ಜ್ ಸಮರಿಯಲ್ಲಿ 'ದಿನಾ ಡ್ರೆಸ್ಸಿಂಗ್' ಅಂತ ಮಾತ್ರ ಬರೆದಿತ್ತು. ಯಾವುದು, ಯಾವ ಸೈಜು, ವಾರಕ್ಕೆ ಎಷ್ಟು, ಒಂದೂ ಇಲ್ಲ.

ಈ ಎರಡನೇ ಕಾರಣಕ್ಕೆ ನನಗೆ ಕಂಪನಿ ಮೇಲೆ ಪೂರ್ತಿ ಸಿಟ್ಟು ಬರಲಿಲ್ಲ. ಬರೆಯದೇ ಇದ್ದುದಕ್ಕೆ ಯಾರು ದುಡ್ಡು ಕೊಡುತ್ತಾರೆ? ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಇದನ್ನು ಹೇಗೆ ನಡೆಸುತ್ತದೆ ನೋಡಿ. ಅಲ್ಲಿ ಸರ್ಜಿಕಲ್ ಡ್ರೆಸ್ಸಿಂಗ್‌ಗೆ ಪ್ರತ್ಯೇಕ ನಿಯಮವಿದೆ, ಮನೆಯಲ್ಲಿ ಬಳಸುವುದಕ್ಕೂ ಕೊಡುತ್ತಾರೆ. ನೀರು ಸೋರುವ ಗಾಯಕ್ಕೆ ಫೋಮ್ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಆಲ್ಜಿನೇಟ್ ದಿನಕ್ಕೊಂದು. ಎಷ್ಟು ಗಾಯ ಇದೆ ಅಂತ ಬಿಲ್ಲಿನಲ್ಲಿ ಎ1ರಿಂದ ಎ9ರವರೆಗೆ ಗುರುತು ಹಾಕಬೇಕು. ಗಾಯದ ಅಳತೆ, ಎಷ್ಟು ಸೋರುತ್ತಿದೆ ಅನ್ನುವುದನ್ನು ಸಾಮಾನ್ಯವಾಗಿ ತಿಂಗಳಿಗೊಮ್ಮೆಯಾದರೂ ನೋಡಿ ಬರೆದಿಡಬೇಕು. ಅಲ್ಲಿನ ಆಸ್ಪತ್ರೆ ಬಿಲ್ಲು ನಮಗೆ ಬೇಡವೇ ಬೇಡ, ಅದು ಬೇರೆ ಮಾತು. ಆದರೆ ಗಾಯವನ್ನು ಅಳೆದು, ಅದಕ್ಕೆ ತಕ್ಕ ಹಾಗೆ ಡ್ರೆಸ್ಸಿಂಗ್ ಬರೆದು, ಬರೆದಷ್ಟಕ್ಕೆ ದುಡ್ಡು ಕೊಡುವುದು ಇಲ್ಲೂ ಸಾಧ್ಯ ಅಲ್ವಾ? ಕಳ್ಳ ಬಿಲ್ಲಿನ ಭಯವಿದ್ದರೆ ಅದಕ್ಕೂ ಇದೇ ಮದ್ದು.

2025ರ ಸೆಪ್ಟೆಂಬರ್ 22ರಿಂದ ಬ್ಯಾಂಡೇಜ್, ಗಾಜ್ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು, ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ 18 ಪೂರ್ತಿ ಹೋಯಿತು. ಅದು ಜಿಎಸ್‌ಟಿ ಮಂಡಳಿಯ ತೀರ್ಮಾನ, ಒಳ್ಳೆಯದೇ. ಕ್ಲೇಮು ಬರದವನಿಗೆ ಅದರಿಂದ ಜಾಸ್ತಿ ಏನೂ ಆಗಲಿಲ್ಲ.

ನಿಮ್ಮ ಕೈಯಲ್ಲಿರುವುದನ್ನು ಹೇಳುತ್ತೇನೆ. ಈ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಿಮ್ಮ ಇಲಾಖೆಯದೇ. ಕಾಲಿನ ಹುಣ್ಣಿಗೆ ಚಿಕಿತ್ಸೆ ಪಡೆದವರಿಗೆ ಆ 15 ದಿನದ ಗಡಿ ದಾಟಿ, ಗಾಯ ಮಾಯುವವರೆಗೆ ಡ್ರೆಸ್ಸಿಂಗ್ ಕೊಡುವ ಒಂದು ಪ್ಯಾಕೇಜ್ ಮಾಡಿಸಿ, ಕೇಂದ್ರ ಒಪ್ಪದಿದ್ದರೆ ರಾಜ್ಯದ ದುಡ್ಡಲ್ಲೇ ಆಗಲಿ. ಡಿಸ್ಚಾರ್ಜ್ ಸಮರಿಯಲ್ಲಿ ಗಾಯದ ಅಳತೆ, ಡ್ರೆಸ್ಸಿಂಗ್ ಯಾವುದು, ವಾರಕ್ಕೆ ಎಷ್ಟು ಅಂತ ಬರೆಯುವ ಜಾಗ ಇರಲೇಬೇಕು ಅಂತ ಒಂದು ಸುತ್ತೋಲೆ ಹೊರಡಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ನಾಳೆಯೇ ಮಾಡಬಹುದು. ರಾಜ್ಯದ ಗೃಹ ಆರೋಗ್ಯ ಯೋಜನೆಯವರು ಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ, ಶುಗರ್ ಕಾಲಿನ ತೊಂದರೆಯೂ ಆ ಯೋಜನೆಯ ಪಟ್ಟಿಯಲ್ಲಿದೆ. ಹುಣ್ಣು ಇದೆ ಅಂತ ಬರೆದುಕೊಂಡು ಸುಮ್ನೆ ಹೋಗುವ ಬದಲು ಚೀಲದಲ್ಲಿ ನಾಲ್ಕು ಫೋಮ್ ಡ್ರೆಸ್ಸಿಂಗ್ ಇರಲಿ, ಕಟ್ಟುವುದು ಹೇಗೆ ಅಂತ ಮನೆಯವರಿಗೆ ತೋರಿಸಿಕೊಡಲಿ. ವಿಮಾ ಪ್ರಾಧಿಕಾರ ನಿಮ್ಮ ಕೆಳಗಿಲ್ಲ, ಗೊತ್ತು. ಆದರೆ ಒಬ್ಬ ಸಚಿವರ ಪತ್ರಕ್ಕೆ ಅವರು ಉತ್ತರ ಕೊಡುತ್ತಾರೆ, ನಮ್ಮ ಪತ್ರಕ್ಕೆ ಕೊಡುವುದಿಲ್ಲ.

ಮುಂದಿನ ಸಲ ಶಿವಮೊಗ್ಗಕ್ಕೆ ಬಂದಾಗ ಕಟ್ಟಡದ ಉದ್ಘಾಟನೆ ಮುಗಿಸಿಕೊಂಡು ಡ್ರೆಸ್ಸಿಂಗ್ ರೂಮಿನ ಹೊರಗಿನ ಬೆಂಚಿನಲ್ಲಿ ಕೂತವರನ್ನೂ ಮಾತಾಡಿಸಿ. ಯಾವ ಊರು, ಬಸ್ಸಿಗೆ ಎಷ್ಟಾಯಿತು, ಎಷ್ಟು ದಿನದಿಂದ ಬರುತ್ತಿದ್ದೀರಿ ಅಂತ ಕೇಳಿ. ಈ ಪತ್ರಕ್ಕೆ ಇಲಾಖೆಯಿಂದ ಉತ್ತರ ಬಂದರೆ ಅದನ್ನೂ ಇಲ್ಲೇ ಹಾಕುತ್ತೇನೆ.

ಇಂತಿ,
ತೀರ್ಥಹಳ್ಳಿ ತಾಲೂಕಿನ ಒಬ್ಬ ಮತದಾರ