ಕಾರಿಗೆ ಕಾಲಂ ಇದೆ, ಮೆಟ್ರೋಗೆ ಇಲ್ಲ

ಮಾನ್ಯ ಸಂಪಾದಕರೇ,

ಜೂನ್ 5, ಪರಿಸರ ದಿನ ಬಂತೆಂದರೆ ನಮ್ಮ ಆಫೀಸಿನಲ್ಲಿ ಗಿಡ ನೆಡುತ್ತೇವೆ. ಎಲ್ಲರಿಗೂ ಹಸಿರು ಟೀ ಶರ್ಟ್, ಫೋಟೊ, ಪ್ರತಿಜ್ಞೆ, ಆಮೇಲೆ ಥರ್ಮಾಕೋಲ್ ಬದಲು ಅಂತ ತಂದ ಕಾಗದದ ತಟ್ಟೆಯಲ್ಲಿ ತಿಂಡಿ. ಕಳೆದ ಸಲ ನೆಟ್ಟ ಹೊಂಗೆ ಪಾರ್ಕಿಂಗ್ ಮೂಲೆಯಲ್ಲಿ ಇನ್ನೂ ಇದೆ. ಸೆಕ್ಯುರಿಟಿ ಅಣ್ಣ ಬೇಸಿಗೆಯಲ್ಲಿ ಬಕೆಟ್ ನೀರು ಹಾಕಿದ್ದಕ್ಕೆ ಅದು ಉಳಿಯಿತು. ಪ್ರತಿಜ್ಞೆ ಮಾಡಿದವರು ಯಾರೂ ಆ ಕಡೆ ತಿರುಗಿ ನೋಡಲಿಲ್ಲ, ನಾನೂ ಸೇರಿ.

ನೌಕರರಿಗೆ ಪರಿಸರದ ಬಗ್ಗೆ ಕಾಳಜಿ ಇಲ್ಲ ಅಂತ ಮೇಲಿನವರು ಆಗಾಗ ಮೇಲ್ ಹಾಕುತ್ತಾರೆ. ಇರಬಹುದು. ಆದರೆ ಕಾಳಜಿ ಇದ್ದವನಿಗೂ ಅದನ್ನು ತೋರಿಸೋಕೆ ಆಫೀಸಿನಲ್ಲಿ ಅನುಕೂಲ ಬೇಕಲ್ವಾ?

ನನ್ನದೇ ಕತೆ ಹೇಳುತ್ತೇನೆ. ಮನೆಯಿಂದ ಸ್ಟೀಲ್ ಲೋಟ ತೆಗೆದುಕೊಂಡು ಹೋದೆ. ಕಾಫಿ ಮೆಷಿನ್ನಿನ ಕೆಳಗೆ ಅದು ಹಿಡಿಸಲೇ ಇಲ್ಲ, ಮೆಷಿನ್ ಇರುವುದೇ ಆ ಪುಟ್ಟ ಕಾಗದದ ಕಪ್ಪಿನ ಎತ್ತರಕ್ಕೆ. ಹಾಗಾಗಿ ಕಪ್ಪಿಗೆ ಹಿಡಿದು, ಅಲ್ಲಿಂದ ಲೋಟಕ್ಕೆ ಬಗ್ಗಿಸಿ, ಕಪ್ಪನ್ನು ಡಸ್ಟ್‌ಬಿನ್‌ಗೆ ಹಾಕುತ್ತಿದ್ದೆ. ಮೂರನೇ ದಿನಕ್ಕೆ ನನಗೇ ನಗು ಬಂತು. ಅದು ಕಾಗದದ ಕಪ್ಪು ಅನ್ನೋದೂ ಹೆಸರಿಗಷ್ಟೇ. ಸೋರದಿರಲಿ ಅಂತ ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಬಳಿದಿರುತ್ತಾರೆ, ಹಳೇ ಪೇಪರ್ ಜೊತೆ ರದ್ದಿಯವನಿಗೆ ಕೊಟ್ಟರೆ ಅವನು ವಾಪಸ್ ಕೊಡುತ್ತಾನೆ. ಕೊನೆಗೆ ದಾರಿ ತೋರಿಸಿದ್ದು ಹೌಸ್‌ಕೀಪಿಂಗ್ ಅಕ್ಕ. "ಕೆಳಗಿನ ಜಾಲರಿ ತಟ್ಟೆ ಎಳೆದರೆ ಹೊರಗೆ ಬರುತ್ತೆ ಸರ್, ದಿನಾ ತೊಳೆಯೋಳು ನಾನೇ ಅಲ್ವಾ" ಅಂದರು. ಎಳೆದು, ಒಂದು ಬಟ್ಟೆ ಮಡಿಸಿ ಹಾಸಿದರು. ಲೋಟ ಕೂತಿತು! ನಮ್ಮ ಸಾಲಿನ 14 ಜನರಲ್ಲಿ ಈಗ 11 ಜನ ಲೋಟದವರು. ಯಾರಿಗೂ ಯಾರೂ ಉಪದೇಶ ಮಾಡಲಿಲ್ಲ.

2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಪರದಾಡಿದ್ದು ನೆನಪಿರಬೇಕು. ಆಗ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ಕಡಿಮೆ ಮಾಡುವ ಪುಟ್ಟ ಜಾಲರಿ) ಹಾಕಲೇಬೇಕು ಅಂತ ಜಲಮಂಡಳಿ ಆದೇಶ ಮಾಡಿತು. ನಮ್ಮಲ್ಲೂ ಒಂದು ಶನಿವಾರ ಪ್ಲಂಬರ್ ಬಂದು ಹಾಕಿ ಹೋದ. ಸೋಮವಾರದಿಂದ ಎಲ್ಲರೂ ಕಡಿಮೆ ನೀರಲ್ಲಿ ಕೈ ತೊಳೆದರು, ಅರ್ಧ ಜನಕ್ಕೆ ಅದು ಗೊತ್ತೂ ಆಗಲಿಲ್ಲ.

ಎಸಿ ವಿಷಯ ಕೇಳಲೇಬೇಡಿ. ಹೊಸ ರೂಮ್ ಎಸಿ ಆನ್ ಮಾಡಿದರೆ ತಾನಾಗಿಯೇ 24 ಡಿಗ್ರಿಯಲ್ಲಿ ಶುರುವಾಗಬೇಕು ಅಂತ 2020ರ ಜನವರಿಯಿಂದ ಕೇಂದ್ರದ ನಿಯಮ ಇದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟ್ ಉಳಿಯುತ್ತದೆ ಅನ್ನೋದು ಸರ್ಕಾರದ್ದೇ ಲೆಕ್ಕ. ನಮ್ಮ ಮೀಟಿಂಗ್ ರೂಮಿನಲ್ಲಿ ಏಪ್ರಿಲ್‌ನಲ್ಲೂ 18. ಗಾಳಿ ಬೀಸುವ ಕಡೆ ಕೂತ ಮೇಡಂ ಶಾಲು ಹೊದ್ದುಕೊಂಡೇ ಇಂಧನ ಉಳಿತಾಯದ ಪ್ರೆಸೆಂಟೇಶನ್ ನೋಡಿದರು. ರಿಮೋಟ್ ಮಾತ್ರ ಸಾಹೇಬರ ಡ್ರಾಯರಿನಲ್ಲಿ.

ಈಗ ನಿಜವಾದ ತಕರಾರಿಗೆ ಬರುತ್ತೇನೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೋ ಶುರುವಾಯಿತು. ನಮ್ಮ ಆಫೀಸು ಅದೇ ದಾರಿಯ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ದಿನಾ ಆಯಸ್ಸು ಕಳೆಯುತ್ತಿದ್ದವನು ನಾನು, ಕಾರು ಮನೆಯಲ್ಲೇ ಬಿಟ್ಟೆ. ತಿಂಗಳ ಕೊನೆಗೆ ಮೆಟ್ರೋ ಕಾರ್ಡ್ ರೀಚಾರ್ಜ್ ಬಿಲ್ ಕೊಟ್ಟರೆ ಅಕೌಂಟ್ಸಿನವರು "ಖರ್ಚಿನ ಫಾರಂನಲ್ಲಿ ಇದಕ್ಕೆ ಕಾಲಂ ಇಲ್ಲ ಸರ್, ಪೆಟ್ರೋಲ್ ಬಿಲ್ ಇದ್ರೆ ಕೊಡಿ" ಅಂದರು. ಅಂದರೆ ಕಾರು ತಂದವನಿಗೆ ಪೆಟ್ರೋಲ್ ದುಡ್ಡು, ಪಾರ್ಕಿಂಗ್ ಜಾಗ ಎರಡೂ ಪುಕ್ಕಟೆ. ಮೆಟ್ರೋದಲ್ಲಿ ಬಂದವನು ಜೇಬಿನಿಂದ ಹಾಕಿಕೊಳ್ಳಬೇಕು, ಸ್ಟೇಷನ್ನಿಂದ ಗೇಟಿನ ತನಕ ಆಟೋದವನ ಜೊತೆ ಜಗಳವೂ ಅವನದೇ. ಇಬ್ಬರು ಸಹೋದ್ಯೋಗಿಗಳು ಒಂದೇ ತಿಂಗಳು ಮೆಟ್ರೋದಲ್ಲಿ ಬಂದು ಮತ್ತೆ ಕಾರಿಗೆ ಹೋದರು. ಅವರನ್ನು ಬಯ್ಯೋಕೆ ನನಗೆ ಬಾಯಿ ಬರುವುದಿಲ್ಲ.

ಟೀ ಶರ್ಟಿಗೆ ಹಾಕುವ ದುಡ್ಡಿನಲ್ಲಿ ಸ್ಟೇಷನ್ನಿಗೆ ಬೆಳಗ್ಗೆ ಸಂಜೆ ಒಂದು ಮಿನಿ ಬಸ್ ಬಿಡಬಹುದಾ, ಎಷ್ಟು ದಿನಕ್ಕೆ ಸಾಕಾಗುತ್ತದೆ ಅಂತ ಯಾರಾದರೂ ಕೂತು ಲೆಕ್ಕ ಹಾಕಲಿ. ಅದು ಆಮೇಲಾದರೂ ಆಗಲಿ, ಮೊದಲು ಆ ಫಾರಂನಲ್ಲಿ ಒಂದು ಕಾಲಂ ಸೇರಿಸಲಿ. ನಾನು ಮೂರು ಸಲ ಕೇಳಿದ್ದೇನೆ. ಈ ಪತ್ರ ಅಚ್ಚಾದರೆ ಕತ್ತರಿಸಿ ಕಾಫಿ ಮೆಷಿನ್ ಪಕ್ಕ ಅಂಟಿಸುವ ಯೋಚನೆ ಇದೆ. ಹೆಸರು ಮಾತ್ರ ಹಾಕಬೇಡಿ ಸರ್.

– ಒಬ್ಬ ಓದುಗ, ಜಯನಗರ, ಬೆಂಗಳೂರು